ಮಳೆಕಾಡು ಸಂರಕ್ಷಣೆಗಾಗಿ ಭೂಖರೀದಿ

ಖಾಸಗಿ ಒಡೆತನದ ಮಳೆಕಾಡನ್ನು, ಅಥವಾ ಎರಡು ಮಳೆಕಾಡುಗಳ ನಡುವೆ ಬಿದ್ದಿರುವ ಹುಲ್ಲುಗಾವಲು, ತೋಟ, ಪಾಳುನೆಲವನ್ನು ಬೆಲೆಕೊಟ್ಟು ಕೊಂಡು ಕಾಡಾಗಿ ಉಳಿಸುವ ಇಲ್ಲವೆ ಮರಳಿ ಕಾಡಾಗಿಸುವ ಸಂರಕ್ಷಣಾ ಕ್ರಮ. ಕೊಳ್ಳುವವರು ಒಬ್ಬ ವ್ಯಕ್ತಿಯಾಗಿರಬಹುದು, ಟ್ರಸ್ಟ್ ಆಗಿರಬಹುದು, ಊರಿನ ಸಂಘವಾಗಿರಬಹುದು. ಕೊಂಡ ನೆಲವನ್ನು ತಾವೇ ಕಾಯುವವರುಂಟು. ಸರ್ಕಾರಕ್ಕೆ ದಾನವಾಗಿ ಒಪ್ಪಿಸಿ ರಾಷ್ಟ್ರೀಯ ಉದ್ಯಾನಕ್ಕೆ ಸೇರಿಸುವವರೂ ಉಂಟು. 1980ರ ದಶಕದಿಂದೀಚೆಗೆ ಈ ಕ್ರಮ ಕೋಸ್ಟರಿಕ, ಬೆಲೀಜ್, ಬ್ರೆಜಿಲ್, ಈಕ್ವಡಾರ್, ಚಿಲಿ, ಆಸ್ಟ್ರೇಲಿಯಗಳಲ್ಲಿ ಬೇರೂರಿದೆ. ಭಾರತದಲ್ಲಿ ಉದಾಹರಣೆಗಳು ಕಡಿಮೆ. ಇರುವವುಗಳಲ್ಲಿ ಹೆಸರಾದ ಎರಡು ಕೊಡಗಿನಲ್ಲೂ ಅದಕ್ಕೆ ಹೊಂದಿಕೊಂಡ ವಯನಾಡಿನಲ್ಲೂ ಇವೆ.

ಎಷ್ಟು ಎಕರೆ ಕೊಂಡರು ಎಂಬ ಲೆಕ್ಕವೇ ಸಾಮಾನ್ಯವಾಗಿ ಸುದ್ದಿಯಾಗುತ್ತದೆ. ಆದರೆ ಈ ಕೆಲಸದ ಸೋಲುಗೆಲುವು ನಿಂತಿರುವುದು ಯಾವ ಎಕರೆ ಕೊಂಡರು ಎಂಬುದರ ಮೇಲೆ. ಎರಡು ದೊಡ್ಡ ಕಾಡುಗಳ ನಡುವಿನ ಕುತ್ತಿಗೆಯಂಥ ಹತ್ತಿಪ್ಪತ್ತು ಎಕರೆ, ಒಂಟಿಯಾಗಿ ನಿಂತ ಸಾವಿರ ಎಕರೆಗಿಂತ ಹೆಚ್ಚು ಜೀವಗಳನ್ನು ಉಳಿಸಬಲ್ಲದು.

ತುಂಡಾದ ಕಾಡು

ಮಳೆಕಾಡು ಒಂದೇ ಏಟಿಗೆ ಅಳಿಯುವುದಿಲ್ಲ. ಮೊದಲು ರಸ್ತೆ ಬರುತ್ತದೆ. ಅದರ ಇಕ್ಕೆಲಗಳಲ್ಲಿ ತೋಟ, ಹುಲ್ಲುಗಾವಲು, ಮನೆಗಳು ಹಬ್ಬುತ್ತವೆ. ಕಡೆಗೆ ಕಾಡು ಅಲ್ಲೊಂದು ಇಲ್ಲೊಂದು ದ್ವೀಪವಾಗಿ ಉಳಿಯುತ್ತದೆ. ಹಾಗೆ ಉಳಿದ ದ್ವೀಪ ಹೊರಗಿನಿಂದ ಹಸಿರಾಗಿಯೇ ಕಾಣುತ್ತದೆ, ಒಳಗೆ ಬರಿದಾಗುತ್ತಿರುತ್ತದೆ. ಇದನ್ನು ಕಣ್ಣಾರೆ ಕಂಡು ಅಳೆದದ್ದು ಬ್ರೆಜಿಲ್ಲಿನ ಮನೌಸ್ ನಗರದ ಉತ್ತರಕ್ಕೆ 1979ರಲ್ಲಿ ಅಮೆರಿಕದ ಜೀವವಿಜ್ಞಾನಿ ಥಾಮಸ್ ಲವ್‌ಜಾಯ್ ಆರಂಭಿಸಿದ ಪ್ರಯೋಗ. ದನಕರುಗಳಿಗೆ ಹುಲ್ಲು ಬೆಳೆಸಲು ಕಾಡು ಕಡಿಯುತ್ತಿದ್ದ ಜಮೀನುಗಳಲ್ಲಿ 1, 10, 100 ಹೆಕ್ಟೇರ್ ಅಳತೆಯ ತುಂಡುಗಳನ್ನು ಹಾಗೆಯೇ ಬಿಡಿಸಿ, ಮುಂದೆ ಏನಾಗುತ್ತದೆಂದು ದಶಕಗಟ್ಟಲೆ ನೋಡಲಾಯಿತು. ಅಂಚಿನಿಂದ ಬಿಸಿಲೂ ಒಣಗಾಳಿಯೂ ನುಗ್ಗಿ ಹೆಮ್ಮರಗಳು ಬೇಗ ಬೇಗ ಸತ್ತವು. ಇರುವೆಗಳ ದಂಡನ್ನು ಹಿಂಬಾಲಿಸಿ ಹುಳ ಹಿಡಿಯುವ ಹಕ್ಕಿಗಳು ಚಿಕ್ಕ ತುಂಡುಗಳಿಂದ ಮರೆಯಾದವು. 100 ಹೆಕ್ಟೇರಿನ ತುಂಡುಗಳು ಕೂಡ ಹದಿನೈದು ವರ್ಷದೊಳಗೆ ಕೆಳಹಂತದ ಹಕ್ಕಿ ಪ್ರಭೇದಗಳಲ್ಲಿ ಸುಮಾರು ಅರ್ಧವನ್ನು ಕಳೆದುಕೊಂಡವು. ಕತ್ತಲಗಾಡಿನ ಕೆಲವು ಹಕ್ಕಿಗಳನ್ನು ತಡೆಯಲು ಎಂಬತ್ತು ಮೀಟರ್ ಬಯಲೇ ಸಾಕಾಯಿತು. ಇದೇ ಪ್ರಯೋಗದ ಇನ್ನೊಂದು ಫಲಿತಾಂಶ ಭರವಸೆಯದು: ನಡುವಣ ಬಯಲಿನಲ್ಲಿ ಎಳೆಗಾಡು ಚಿಗುರಿ ಮೇಲೆದ್ದ ಕಡೆ, ಹೋದ ಹಕ್ಕಿಗಳಲ್ಲಿ ಹಲವು ಮರಳಿ ಬಂದವು.

ಮಲೆನಾಡಿನವರಿಗೆ ಇದು ತೀರ ಹೊಸ ಮಾತಲ್ಲ. ಸಿಂಗಳೀಕ ಮರದಿಂದ ಮರಕ್ಕೆ ಹಾರಿ ಬದುಕುವ ಪ್ರಾಣಿ, ನೆಲಕ್ಕಿಳಿಯುವುದು ಅಪರೂಪ. ತಲೆಯ ಮೇಲಿನ ಹಸಿರು ಚಪ್ಪರ ಎಲ್ಲಿ ಹರಿಯಿತೋ ಅಲ್ಲಿಗೆ ಅದರ ಲೋಕ ಮುಗಿಯಿತು. ಆಚೆ ಬದಿಯ ಕಾಡು ಎಷ್ಟೇ ಸಮೃದ್ಧವಾಗಿದ್ದರೂ ಅದಕ್ಕೆ ದಕ್ಕುವುದಿಲ್ಲ.

ಮೊಂಟೆವೆರ್ಡೆ

ಭೂಖರೀದಿಯ ಇತಿಹಾಸದಲ್ಲಿ ಕೋಸ್ಟರಿಕದ ಮೊಂಟೆವೆರ್ಡೆ ಬೆಟ್ಟಸಾಲಿಗೆ ವಿಶೇಷ ಸ್ಥಾನವಿದೆ. 1951ರಲ್ಲಿ ಅಮೆರಿಕದ ಅಲಬಾಮಾದಿಂದ ಕ್ವೇಕರ್ ಪಂಥದ ಕೆಲವು ಕುಟುಂಬಗಳು ಇಲ್ಲಿಗೆ ಬಂದವು. ಯುದ್ಧವನ್ನು ಒಪ್ಪದ ಪಂಥ ಅದು. ಸೇನೆಗೆ ಹೆಸರು ನೋಂದಾಯಿಸಲು ಒಲ್ಲದೆ ಅವರಲ್ಲಿ ಕೆಲವರು ಜೈಲು ಕಂಡಿದ್ದರು. ಕೋಸ್ಟರಿಕ 1948ರಲ್ಲಿ ಸೈನ್ಯವನ್ನೇ ರದ್ದು ಮಾಡಿದ ದೇಶ. ಬೆಟ್ಟದಲ್ಲಿ ಜಮೀನು ಕೊಂಡು ಹಸು ಸಾಕಿ ಚೀಸ್ ತಯಾರಿಸತೊಡಗಿದ ಈ ಜನ ಆರಂಭದಲ್ಲೇ ಒಂದು ವಿವೇಕದ ಕೆಲಸ ಮಾಡಿದರು: ನೀರಿನ ಸೆಲೆಗಳಿದ್ದ ಮೇಲ್ಭಾಗದ ಸುಮಾರು 550 ಹೆಕ್ಟೇರ್ ಮಂಜುಗಾಡನ್ನು ಯಾರೂ ಕಡಿಯಕೂಡದೆಂದು ಎತ್ತಿಟ್ಟರು. ಆಗ ಅವರ ಕಣ್ಣಮುಂದಿದ್ದದ್ದು ತೊರೆಯ ನೀರು ಮಾತ್ರ. 1972ರಲ್ಲಿ ಜಾರ್ಜ್ ಪವೆಲ್ ಎಂಬ ಪಕ್ಷಿವಿಜ್ಞಾನಿ ಪಕ್ಕದ ಕಾಡನ್ನು ಕೊಳ್ಳಲು ಹಣ ಕೂಡಿಸಿ ಮೊಂಟೆವೆರ್ಡೆ ಮಂಜುಗಾಡು ರಕ್ಷಿತ ವಲಯಕ್ಕೆ ಅಡಿಪಾಯ ಹಾಕಿದರು. 1986ರಲ್ಲಿ ಸ್ಥಳೀಯರು ಮೊಂಟೆವೆರ್ಡೆ ಕನ್ಸರ್ವೇಶನ್ ಲೀಗ್ ಎಂಬ ಸಂಘ ಕಟ್ಟಿಕೊಂಡರು.

ಮುಂದಿನ ವರ್ಷ ನಡೆದದ್ದು ಇಂದಿಗೂ ಕೇಳಿದವರ ಮನಸ್ಸನ್ನು ಆರ್ದ್ರಗೊಳಿಸುತ್ತದೆ. ಮೊಂಟೆವೆರ್ಡೆಯಲ್ಲಿ ಸಂಶೋಧನೆ ಮಾಡುತ್ತಿದ್ದ ಜೀವವಿಜ್ಞಾನಿ ಶರನ್ ಕಿನ್ಸ್‌ಮನ್ 1987ರಲ್ಲಿ ಸ್ವೀಡನ್ನಿನ ಫಾಗರ್‌ವಿಕ್ ಎಂಬ ಹಳ್ಳಿಯ ಪುಟ್ಟ ಶಾಲೆಗೆ ಹೋಗಿ ಮಳೆಕಾಡಿನ ಚಿತ್ರಗಳನ್ನು ತೋರಿಸಿದರು. ಆ ಕಾಡು ಬೀಳದಂತೆ ನಾವೇನು ಮಾಡಬಹುದು ಎಂದು ಅಲ್ಲಿನ ಶಿಕ್ಷಕಿ ಎಹಾ ಕೆರ್ನ್ ಅವರ ತರಗತಿಯ ಮಕ್ಕಳು ಯೋಚಿಸಿದರು. ಕೊಂಡುಬಿಡಬಹುದು ಎಂಬುದು ಅವರು ಕಂಡುಕೊಂಡ ಉತ್ತರ. ನಾಟಕ ಆಡಿದರು, ಕೇಕು ಮಾರಿದರು, ಹಾಡಿದರು. ಮೊದಲ ಕಂತಿನ ಹಣಕ್ಕೆ ಬಂದದ್ದು ಸುಮಾರು ಆರು ಹೆಕ್ಟೇರ್. ಸುದ್ದಿ ಶಾಲೆಯಿಂದ ಶಾಲೆಗೆ, ದೇಶದಿಂದ ದೇಶಕ್ಕೆ ದಾಟಿತು. 44 ದೇಶಗಳ ಮಕ್ಕಳು ಕೈಜೋಡಿಸಿದರು. ಮಕ್ಕಳ ಶಾಶ್ವತ ಮಳೆಕಾಡು ಎಂದು ಹೆಸರಾದ ಈ ಅರಣ್ಯ ಇಂದು ಸುಮಾರು 23,000 ಹೆಕ್ಟೇರ್‌ಗಳಷ್ಟಿದ್ದು ಕೋಸ್ಟರಿಕದ ಅತಿ ದೊಡ್ಡ ಖಾಸಗಿ ರಕ್ಷಿತ ವಲಯವಾಗಿದೆ.

ಇಷ್ಟಾದರೂ ಸಾಲದು ಎಂದು ತೋರಿಸಿಕೊಟ್ಟದ್ದು ಒಂದು ಹಕ್ಕಿ. ಕೆಟ್ಸಾಲ್ ಎಂಬ ಹಸಿರು ಮೈಯ, ನೀಳ ಬಾಲದ ಹಕ್ಕಿ ಮಂಜುಗಾಡಿನಲ್ಲಿ ಗೂಡು ಮಾಡುತ್ತದೆ. ಬೆಣ್ಣೆಹಣ್ಣಿನ ಜಾತಿಯ ಕಾಡುಹಣ್ಣುಗಳು ಅದರ ಮುಖ್ಯ ಆಹಾರ. ಪವೆಲ್ ಮತ್ತು ಸಂಗಡಿಗರು ಅದಕ್ಕೆ ಪುಟ್ಟ ರೇಡಿಯೊ ಕಟ್ಟಿ ಹಿಂಬಾಲಿಸಿದಾಗ, ಮರಿ ಮಾಡಿದ ಮೇಲೆ ಅದು ರಕ್ಷಿತ ವಲಯವನ್ನೇ ಬಿಟ್ಟು ಶಾಂತಸಾಗರದ ಕಡೆಯ ಇಳಿಜಾರಿಗೆ, ಹುಲ್ಲುಗಾವಲುಗಳ ನಡುವೆ ಉಳಿದಿದ್ದ ಕಾಡಿನ ಚೂರುಗಳಿಗೆ ಇಳಿಯುವುದು ತಿಳಿಯಿತು. ಆ ಚೂರುಗಳಿಗೆ ಯಾವ ರಕ್ಷಣೆಯೂ ಇರಲಿಲ್ಲ. ಮೂರು ಜೋಲುಗಳ ಬೆಲ್‌ಬರ್ಡ್ ಎಂಬ ಹಕ್ಕಿಯ ಸುತ್ತಾಟ ಇನ್ನೂ ದೊಡ್ಡದು. ನಿಕರಾಗುವದವರೆಗೂ ಹೋಗಿ ಮತ್ತೆ ಶಾಂತಸಾಗರದ ತಗ್ಗುಕಾಡಿಗೆ ಬರುತ್ತದೆ. ಇವೆರಡರ ದಾರಿಯನ್ನು ನಕ್ಷೆಯ ಮೇಲೆ ಎಳೆದ ಮೇಲೆ, ಮೊಂಟೆವೆರ್ಡೆಯಿಂದ ನಿಕೋಯ ಕೊಲ್ಲಿಯ ದಂಡೆಯವರೆಗೆ ಕಾಡಿನ ಚೂರುಗಳನ್ನು ಪೋಣಿಸುವ ಬೆಲ್‌ಬರ್ಡ್ ಕಾರಿಡಾರ್ ರೂಪುಗೊಂಡಿತು. ಇಲ್ಲಿ ಎಲ್ಲ ನೆಲವನ್ನೂ ಕೊಳ್ಳಲಾಗದು. ಒಂದಷ್ಟು ಖರೀದಿ, ಒಂದಷ್ಟು ರೈತರೊಡನೆ ಒಪ್ಪಂದ, ಹುಲ್ಲುಗಾವಲಿನ ಗಾಳಿತಡೆಗೆ ನೆಟ್ಟ ಮರಸಾಲು, ಹೀಗೆ ಕೆಲಸ ಸಾಗಿದೆ. 1996ರ ಅರಣ್ಯ ಕಾಯ್ದೆಯಡಿ, ಕಾಡು ಉಳಿಸಿಕೊಂಡ ಜಮೀನುದಾರರಿಗೆ ಸರ್ಕಾರವೇ ಹಣ ಕೊಡುವ ಪದ್ಧತಿ ಬಂದದ್ದು ಇದಕ್ಕೆ ನೆರವಾಯಿತು; ಆ ಹಣದ ಒಂದು ಮೂಲ ಇಂಧನದ ಮೇಲಿನ ತೆರಿಗೆ.

ಮೊಂಟೆವೆರ್ಡೆಯ ಇನ್ನೊಂದು ನೆನಪು ಕಹಿಯಾದುದು. ಇಲ್ಲಿನ ಶಿಖರದಲ್ಲಷ್ಟೇ ಇದ್ದ ಚಿನ್ನದ ಬಣ್ಣದ ಕಪ್ಪೆಯೊಂದು 1989ರ ನಂತರ ಯಾರ ಕಣ್ಣಿಗೂ ಬಿದ್ದಿಲ್ಲ. ಅದರ ಕಾಡು ಕಡಿದಿರಲಿಲ್ಲ, ಕಾವಲಿತ್ತು. ಕಪ್ಪೆಗಳಿಗೆ ತಗಲುವ ಶಿಲೀಂಧ್ರ ರೋಗ, ಬದಲಾದ ಮಂಜು–ಮಳೆಯ ಲಯ ಇವನ್ನು ಕ್ರಯಪತ್ರ ತಡೆಯಲಾರದು.

ಬ್ರೆಜಿಲ್: ಒಂದು ಮಂಗನಿಗಾಗಿ

ಬ್ರೆಜಿಲ್ಲಿನ ಅಟ್ಲಾಂಟಿಕ್ ಕರಾವಳಿಯ ಮಳೆಕಾಡು ಅಮೆಜಾನಿಗಿಂತ ಹೆಚ್ಚು ನಲುಗಿದ ಕಾಡು. ಐದು ಶತಮಾನಗಳ ಕಬ್ಬು, ಕಾಫಿ, ದನಗಾವಲು, ನಗರಗಳ ನಂತರ ಉಳಿದ ತುಂಡುಗಳಲ್ಲಿ ಶೇ. 80ಕ್ಕೂ ಹೆಚ್ಚಿನವು 50 ಹೆಕ್ಟೇರಿಗಿಂತ ಚಿಕ್ಕವು. ಉಳಿದದ್ದರಲ್ಲಿ ಬಹುಪಾಲು ಖಾಸಗಿ ಜಮೀನಿನಲ್ಲಿದೆ. ಆದ್ದರಿಂದ ಖರೀದಿಯ ಮಾತು ಇಲ್ಲಿ ಸಹಜವಾಗಿಯೇ ಬರುತ್ತದೆ.

ರಿಯೊ ಡಿ ಜನೈರೊ ರಾಜ್ಯದ ಸಾವೊ ಜೊವಾವೊ ನದಿ ಬಯಲಿನಲ್ಲಿ ಸಿಂಹದ ಕೇಸರದಂಥ ಹೊಂಬಣ್ಣದ ಕೂದಲಿರುವ ಪುಟ್ಟ ಮಂಗವಿದೆ, ಗೋಲ್ಡನ್ ಲಯನ್ ಟ್ಯಾಮರಿನ್. 1970ರ ದಶಕದ ಆರಂಭದಲ್ಲಿ ಕಾಡಿನಲ್ಲಿ ಇನ್ನೂರರಷ್ಟು ಮಾತ್ರ ಉಳಿದಿದ್ದವು. ಅಡೆಲ್ಮಾರ್ ಕೊಯಿಂಬ್ರಾ ಫಿಲ್ಹೊ ಎಂಬ ಬ್ರೆಜಿಲ್ ವಿಜ್ಞಾನಿಯ ಹಟದಿಂದ 1974ರಲ್ಲಿ ಪೊಸೊ ದಾಸ್ ಅಂತಾಸ್ ರಕ್ಷಿತ ವಲಯ ಆಯಿತು. 1984ರಿಂದ ಮೃಗಾಲಯಗಳಲ್ಲಿ ಹುಟ್ಟಿದ ಮಂಗಗಳನ್ನು ಕಾಡಿಗೆ ಬಿಡತೊಡಗಿದರು. ಬಿಡಲು ಜಾಗ ಕೊಟ್ಟವರಲ್ಲಿ ಅನೇಕರು ಸುತ್ತಲಿನ ದನಗಾವಲಿನ ಒಡೆಯರು ಎಂಬುದನ್ನು ಮರೆಯಬಾರದು.

ಸಂಖ್ಯೆ ಏರಿದ ಮೇಲೆ ಅಸಲು ತೊಡಕು ಎದುರಾಯಿತು: ಮಂಗಗಳಿವೆ, ಒಂದು ತುಂಡಿನಿಂದ ಇನ್ನೊಂದಕ್ಕೆ ಹೋಗಲು ಮರಗಳಿಲ್ಲ. ಗುಂಪು ಗುಂಪಿನೊಳಗೇ ಸಂತಾನ ಮುಂದುವರಿದರೆ ವಂಶ ಬಡವಾಗುತ್ತದೆ. 1992ರಲ್ಲಿ ಸ್ಥಾಪನೆಯಾದ ಟ್ಯಾಮರಿನ್ ಸಂಘ ಗುರಿಯನ್ನು ಎರಡು ಅಂಕಿಗಳಲ್ಲಿ ಹೇಳಿತು: 2,000 ಮಂಗ, ಅವುಗಳಿಗೆ ಪರಸ್ಪರ ಬೆಸೆದ 25,000 ಹೆಕ್ಟೇರ್ ಸಂರಕ್ಷಿತ ಕಾಡು. ಮೊದಲ ಅಂಕಿ ತಲುಪಿತು, ದಾಟಿತು. ಎರಡನೆಯದೇ ಕಷ್ಟ. ರಕ್ಷಿತ ವಲಯಗಳ ನಡುವೆ ಬಿದ್ದಿದ್ದ ಹುಲ್ಲುಗಾವಲುಗಳನ್ನು ಹುಡುಕಿ ಕೊಂಡು ಸ್ಥಳೀಯ ಮರಗಳನ್ನು ನೆಡುವ ಕೆಲಸಕ್ಕೆ ಅಮೆರಿಕದ ಪರಿಸರ ವಿಜ್ಞಾನಿ ಸ್ಟುವರ್ಟ್ ಪಿಮ್ ಕಟ್ಟಿದ ಸಂಸ್ಥೆಯೂ ನೆರವಾಯಿತು. ಉಪಗ್ರಹ ಚಿತ್ರ ಮುಂದಿಟ್ಟುಕೊಂಡು, ಯಾವ ಗದ್ದೆಯಷ್ಟು ಜಾಗ ತುಂಬಿದರೆ ಯಾವೆರಡು ಕಾಡು ಒಂದಾಗುತ್ತವೆ ಎಂದು ಲೆಕ್ಕಹಾಕಿ ಕೊಳ್ಳುವುದು ಅವರ ವಿಧಾನ. ಬಿಆರ್-101 ಹೆದ್ದಾರಿ ಕಾಡನ್ನು ಸೀಳಿದ್ದ ಕಡೆ 2020ರಲ್ಲಿ ರಸ್ತೆಯ ಮೇಲೆ ಮಣ್ಣು ತುಂಬಿದ ಸೇತುವೆ ಕಟ್ಟಿ ಗಿಡ ನೆಟ್ಟರು.

ಬೆಸುಗೆಗೆ ಅದರದೇ ಅಪಾಯವಿದೆಯೇ, ಬೆಸೆದ ಕಾಡಿನಲ್ಲಿ ರೋಗವೂ ಸುಲಭವಾಗಿ ಹರಡೀತೇ ಎಂಬ ಪ್ರಶ್ನೆಯೂ ಎದ್ದಿತು. 2017–18ರ ಹಳದಿ ಜ್ವರಕ್ಕೆ ಟ್ಯಾಮರಿನ್‌ಗಳ ಸಂಖ್ಯೆ ಸುಮಾರು 3,700ರಿಂದ 2,500ಕ್ಕೆ ಕುಸಿಯಿತು. ಮಂಗಗಳನ್ನು ಹಿಡಿದು ಲಸಿಕೆ ಹಾಕಿದರು. 2023ರ ಗಣತಿಯಲ್ಲಿ ಸುಮಾರು 4,800 ಇದ್ದವು.

ಬ್ರೆಜಿಲ್ಲಿನ ಕಾನೂನಿನಲ್ಲಿ ಮೆಚ್ಚತಕ್ಕ ಒಂದು ಏರ್ಪಾಡಿದೆ. 1990ರಿಂದ ಜಾರಿಯಲ್ಲಿರುವ ಖಾಸಗಿ ನಿಸರ್ಗ ಪರಂಪರೆ ಮೀಸಲು ಎಂಬ ಪದ್ಧತಿಯಲ್ಲಿ ಜಮೀನುದಾರ ತನ್ನ ಕಾಡನ್ನು ಸ್ವಇಚ್ಛೆಯಿಂದ ಮೀಸಲೆಂದು ನೋಂದಾಯಿಸಬಹುದು. ಒಡೆತನ ಅವನದೇ. ಆದರೆ ಮೀಸಲು ಭೂದಾಖಲೆಯಲ್ಲಿ ಶಾಶ್ವತವಾಗಿ ನಮೂದಾಗುತ್ತದೆ. ಮಗ ಪಾಲು ಪಡೆದರೂ, ಪರರು ಕೊಂಡರೂ ಕಾಡು ಕಡಿಯುವಂತಿಲ್ಲ.

ಬೇರೆ ನೆಲಗಳಲ್ಲಿ

ಬೆಲೀಜ್‌ನ ರಿಯೊ ಬ್ರಾವೊ ಕಾಡನ್ನು ಕೊಳ್ಳಲು 1989ರಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ ಸಂಸ್ಥೆಯೇ ಇಂದಿನ ವರ್ಲ್ಡ್ ಲ್ಯಾಂಡ್ ಟ್ರಸ್ಟ್. ಹಣ ಹೊರಗಿನಿಂದ ಬಂದರೂ ಒಡೆತನ ಆಯಾ ದೇಶದ ಸಂಸ್ಥೆಗೇ ಇರಬೇಕೆಂಬುದು ಅದರ ನಿಯಮ. ಈ ನಿಯಮ ಮುಂದೆ ಬಹಳ ಕಡೆ ಮಾದರಿಯಾಯಿತು. ಈಕ್ವಡಾರಿನಲ್ಲಿ 1997ರಲ್ಲಿ ಪತ್ತೆಯಾದ ಹೊಕೊಟೊಕೊ ಎಂಬ ನೆಲಹಕ್ಕಿಯ ಕಾಡನ್ನು ಉಳಿಸಲು ಮರುವರ್ಷವೇ ಅದೇ ಹೆಸರಿನ ಪ್ರತಿಷ್ಠಾನ ಆರಂಭವಾಯಿತು.

ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನ ಡೇನ್‌ಟ್ರೀ ತಗ್ಗುಕಾಡಿನ ಕತೆ ನಮ್ಮ ಊರಂಚಿನ ಲೇಔಟುಗಳನ್ನು ನೆನಪಿಸುತ್ತದೆ. 1980ರ ದಶಕದ ಆರಂಭದಲ್ಲಿ ಜಗತ್ತಿನ ಅತಿ ಪುರಾತನ ಮಳೆಕಾಡುಗಳಲ್ಲೊಂದನ್ನು ಸಾವಿರಕ್ಕೂ ಹೆಚ್ಚು ಸೈಟುಗಳಾಗಿ ಒಡೆದು ಮಾರಲಾಯಿತು. 1988ರಲ್ಲಿ ಸುತ್ತಲಿನ ಕಾಡು ವಿಶ್ವಪರಂಪರೆಯ ಪಟ್ಟಿ ಸೇರಿತು, ಈ ಸೈಟುಗಳು ಹೊರಗುಳಿದವು. ಅಂದಿನಿಂದ ಅವುಗಳನ್ನು ಒಂದೊಂದಾಗಿ ಮರಳಿ ಕೊಳ್ಳುವ ಕೆಲಸ ನಡೆದಿದೆ; ಸರ್ಕಾರಗಳೂ ಕೊಂಡಿವೆ, 1998ರಲ್ಲಿ ಆರಂಭವಾದ ರೈನ್‌ಫಾರೆಸ್ಟ್ ರೆಸ್ಕ್ಯೂನಂಥ ಸಂಸ್ಥೆಗಳೂ ಕೊಂಡಿವೆ. ಆಳೆತ್ತರದ, ಹಾರಲಾರದ ಕ್ಯಾಸೊವರಿ ಹಕ್ಕಿ ಇನ್ನೂರಕ್ಕೂ ಹೆಚ್ಚು ಗಿಡಮರಗಳ ಬೀಜವನ್ನು ಹೊತ್ತು ಬಿತ್ತುವ ಕಾಡು ಅದು. ಬೇಲಿ, ನಾಯಿ, ಕಾರು ಬಂದ ಪ್ರತಿ ಸೈಟೂ ಅದರ ದಾರಿಗೆ ಅಡ್ಡ. 2021ರಲ್ಲಿ ಡೇನ್‌ಟ್ರೀ ರಾಷ್ಟ್ರೀಯ ಉದ್ಯಾನದ ಒಡೆತನ ಮೂಲನಿವಾಸಿಗಳಾದ ಪೂರ್ವ ಕುಕು ಯಲಂಜಿ ಜನರಿಗೆ ಮರಳಿತು.

ಚಿಲಿಯ ಉದಾಹರಣೆ ಉಷ್ಣವಲಯದ್ದಲ್ಲ, ತಂಪು ವಲಯದ ಮಳೆಕಾಡಿನದು. ಬಟ್ಟೆ ಉದ್ಯಮದಲ್ಲಿ ಹಣ ಮಾಡಿದ ಅಮೆರಿಕದ ಡಗ್ಲಸ್ ಟಾಂಪ್ಕಿನ್ಸ್ 1991ರಿಂದ ಅಲ್ಲಿ ಲಕ್ಷಗಟ್ಟಲೆ ಹೆಕ್ಟೇರ್ ಕೊಂಡರು. ಮೂರು ಸಾವಿರ ವರ್ಷ ದಾಟಿದ ಮರಗಳಿರುವ ಅಲೆರ್ಸೆ ಜಾತಿಯ ಕಾಡು ಅದು. ಪರದೇಶದವನೊಬ್ಬ ಸಮುದ್ರದಿಂದ ಗಡಿಯವರೆಗೆ ನೆಲ ಕೊಂಡು ದೇಶವನ್ನೇ ಎರಡು ಮಾಡುತ್ತಿದ್ದಾನೆ ಎಂದು ವರ್ಷಗಟ್ಟಲೆ ಗುಮಾನಿ ಹಬ್ಬಿತು. 2015ರಲ್ಲಿ ಅವರು ದೋಣಿ ಅಪಘಾತದಲ್ಲಿ ತೀರಿಕೊಂಡ ಮೇಲೆ ಪತ್ನಿ ಕ್ರಿಸ್ ಅವರು ನಾಲ್ಕು ಲಕ್ಷ ಹೆಕ್ಟೇರಿನಷ್ಟು ನೆಲವನ್ನು ಸರ್ಕಾರಕ್ಕೆ ದಾನ ಮಾಡಿದರು; 2018ರಲ್ಲಿ ಅದು ರಾಷ್ಟ್ರೀಯ ಉದ್ಯಾನಗಳಿಗೆ ಸೇರಿತು. ಗುಮಾನಿ ಸುಳ್ಳಾಯಿತು, ಆದರೂ ಅಷ್ಟೊಂದು ನೆಲದ ಭವಿಷ್ಯ ಒಬ್ಬನ ಒಳ್ಳೆಯತನದ ಮೇಲೆ ನಿಂತಿತ್ತು ಎಂಬ ಆಕ್ಷೇಪಣೆಯನ್ನು ಅದು ಅಳಿಸುವುದಿಲ್ಲ.

ಖರೀದಿಯ ಒಳಗುಟ್ಟು

ಕೊಳ್ಳುವುದು ಕೆಲಸದ ಸಣ್ಣ ಭಾಗ. ಮಳೆಕಾಡಿನ ಸೀಮೆಯಲ್ಲಿ ಭೂದಾಖಲೆ ನೆಟ್ಟಗಿರುವುದು ಕಡಿಮೆ: ಒಂದೇ ನೆಲಕ್ಕೆ ಇಬ್ಬರ ಪತ್ರ, ಹೊಂದದ ಚಕ್ಕುಬಂದಿ, ಪತ್ರವೇ ಇಲ್ಲದೆ ಮೂರು ತಲೆಮಾರು ಉತ್ತ ನೆಲ. ಲ್ಯಾಟಿನ್ ಅಮೆರಿಕದ ಹಲವೆಡೆ ಕಾಡು ಕಡಿದು ತೋರಿಸಿದರೇ ಅನುಭವದ ಹಕ್ಕು ಗಟ್ಟಿಯಾಗುತ್ತಿತ್ತು. ನಮ್ಮ ಬಗರ್‌ಹುಕುಂ ಸಾಗುವಳಿ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಂಸ್ಥೆಯೊಂದು ಕೊಳ್ಳಲು ಬಂದಿದೆ ಎಂಬ ಸುದ್ದಿ ಹಬ್ಬಿದರೆ ಸುತ್ತಲಿನ ದರ ಏರುತ್ತದೆ. ಗುಟ್ಟಾಗಿ ಕೊಂಡರೆ ಊರಿನ ನಂಬಿಕೆ ಕೆಡುತ್ತದೆ. ಕೊಂಡ ಮೇಲೆ ಕಂದಾಯ, ಗಡಿಕಲ್ಲು, ಬೆಂಕಿಗೆರೆ, ಕಾವಲು. ಬೇಟೆ ಬಲ್ಲ ಸ್ಥಳೀಯರನ್ನೇ ಕಾವಲಿಗೆ ನೇಮಿಸಿದ ಕಡೆ ಕೆಲಸ ಚೆನ್ನಾಗಿ ನಡೆದಿದೆ, ಏಕೆಂದರೆ ಕಾಡಿನ ಕಾಲುದಾರಿ ಅವರಷ್ಟು ತಿಳಿದವರಿಲ್ಲ. ಈ ಖರ್ಚಿಗೆ ಬಡ್ಡಿ ತರುವ ದತ್ತಿನಿಧಿಯನ್ನು ಕ್ರಯದ ಹಣದ ಜತೆಗೇ ಎತ್ತಿಡದ ಸಂಸ್ಥೆ ಕೆಲವೇ ವರ್ಷಗಳಲ್ಲಿ ಸೊರಗುತ್ತದೆ.

ಎಲ್ಲ ಕಡೆ ಕೊಳ್ಳಲೂ ಬರುವುದಿಲ್ಲ. ಪಪುವ ನ್ಯೂಗಿನಿಯ ಶೇ. 97ರಷ್ಟು ನೆಲ ಕುಲಗಳ ಸಾಮುದಾಯಿಕ ಒಡೆತನದಲ್ಲಿದೆ. ಇಂಡೊನೇಷ್ಯದಲ್ಲಿ ಕಾಡು ಬಹುಪಾಲು ಸರ್ಕಾರದ್ದು. ಸುಮಾತ್ರದ ಹರಪಾನ್ ಕಾಡಿನ ಸುಮಾರು 98,000 ಹೆಕ್ಟೇರ್ ಉಳಿದದ್ದು ಮರ ಕಡಿಯಲು ಕೊಡುತ್ತಿದ್ದ ಗುತ್ತಿಗೆಯ ರೀತಿಯಲ್ಲೇ ಕಾಡು ಬೆಳೆಸಲು ಪಡೆದ ಪರವಾನಗಿಯಿಂದ.

ಅತಿ ಗಂಭೀರ ಆಕ್ಷೇಪಣೆ ಜನರನ್ನು ಕುರಿತದ್ದು. ಪತ್ರ ಇರುವ ಜಮೀನುದಾರನಿಗೆ ಹಣ ಸಿಗುತ್ತದೆ; ಅದೇ ಕಾಡಿನಲ್ಲಿ ಜೇನು, ಬೆತ್ತ, ಸೌದೆ ತಂದು ಬದುಕಿದವನಿಗೆ ಪತ್ರವೂ ಇಲ್ಲ, ಹಣವೂ ಇಲ್ಲ. ಅವನನ್ನು ಹೊರಗಿಟ್ಟು ಹಾಕಿದ ಬೇಲಿ ನ್ಯಾಯವಲ್ಲ. ಬಹುಕಾಲ ನಿಲ್ಲುವುದೂ ಇಲ್ಲ. ಈ ವಿಧಾನವನ್ನು ಮೆಚ್ಚುವವರು ಮೊದಲು ಉತ್ತರಿಸಬೇಕಾದ ಪ್ರಶ್ನೆ ಇದು.

ಪಶ್ಚಿಮಘಟ್ಟದಲ್ಲಿ

ಅನಿಲ್ ಮತ್ತು ಪಮೇಲಾ ಮಲ್ಹೋತ್ರಾ ದಂಪತಿ 1991ರಲ್ಲಿ ದಕ್ಷಿಣ ಕೊಡಗಿನ ತೆರಾಲು ಬಳಿ, ಬ್ರಹ್ಮಗಿರಿ ಅಭಯಾರಣ್ಯದ ಅಂಚಿನಲ್ಲಿ 55 ಎಕರೆ ಕೊಂಡರು. ಪಕ್ಕದ ಕಾಫಿ, ಏಲಕ್ಕಿ ತೋಟಗಳನ್ನು ಒಡೆಯರು ಮಾರಲು ಬಂದಂತೆಲ್ಲ ಕೊಳ್ಳುತ್ತ ಹೋಗಿ ಸಾಯಿ ಸ್ಯಾಂಕ್ಚುರಿ ಸುಮಾರು 300 ಎಕರೆಯಾಯಿತು. ಅವರು ಸಾಲುಸಾಲಾಗಿ ಗಿಡ ನೆಡುವ ಗೋಜಿಗೆ ಹೆಚ್ಚು ಹೋಗಲಿಲ್ಲ. ಬೇಟೆ ನಿಲ್ಲಿಸಿ, ಮರ ಕಡಿಯದೆ, ನೆಲವನ್ನು ಅದರ ಪಾಡಿಗೆ ಬಿಟ್ಟರು. ಹಕ್ಕಿ, ಮಂಗ, ಕಬ್ಬೆಕ್ಕುಗಳು ಬೀಜ ತಂದು ಹಾಕಿದವು. ಅನಿಲ್ 2021ರಲ್ಲಿ ತೀರಿಕೊಂಡರು. ಈ 300 ಎಕರೆಯ ಬೆಲೆ ಅದು ದೊಡ್ಡ ಅಭಯಾರಣ್ಯಕ್ಕೆ ಅಂಟಿಕೊಂಡಿರುವುದರಲ್ಲಿದೆ. ಬಯಲಿನ ನಡುವೆ ಇದ್ದಿದ್ದರೆ ಆನೆ ಅತ್ತ ತಲೆಹಾಕುತ್ತಿರಲಿಲ್ಲ.

ಬ್ರಹ್ಮಗಿರಿಯ ಆಚೆ ಬದಿಯಲ್ಲಿ ವಯನಾಡಿನ ತಿರುನೆಲ್ಲಿ–ಕುದ್ರಕೋಟೆ ಆನೆದಾರಿಯಿದೆ. ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಹೊರದೇಶದ ಸಹಸಂಸ್ಥೆಗಳ ನೆರವಿನಿಂದ ಇಲ್ಲಿನ ಖಾಸಗಿ ಜಮೀನು ಕೊಂಡು, ದಾರಿಯೊಳಗೆ ಚದುರಿದ್ದ ಪುಟ್ಟ ವಸತಿಗಳ ಕುಟುಂಬಗಳಿಗೆ ಅವರ ಒಪ್ಪಿಗೆಯಿಂದ ಹೊರಗೆ ಮನೆ, ನೆಲ ಒದಗಿಸಿ, 2015ರಲ್ಲಿ ದಾರಿಯ ನೆಲವನ್ನು ಕೇರಳ ಅರಣ್ಯ ಇಲಾಖೆಗೆ ಒಪ್ಪಿಸಿತು. ಕೊಳ್ಳೇಗಾಲ ಸೀಮೆಯ ಎಡೆಯಾರಹಳ್ಳಿ–ದೊಡ್ಡಸಂಪಿಗೆ ಆನೆದಾರಿಗೂ ಇದೇ ಸಂಸ್ಥೆ ಸುಮಾರು 25 ಎಕರೆ ಕೊಂಡು ಕರ್ನಾಟಕ ಅರಣ್ಯ ಇಲಾಖೆಗೆ ಕೊಟ್ಟಿದೆ. ಅದು ಮಳೆಕಾಡಲ್ಲ, ಒಣಕಾಡು; ಆದರೂ ಸಣ್ಣ ಖರೀದಿ ದೊಡ್ಡ ಕಾಡುಗಳನ್ನು ಬೆಸೆಯಬಲ್ಲದು ಎಂಬುದಕ್ಕೆ ನಮ್ಮ ನೆಲದ್ದೇ ಸಾಕ್ಷಿ. ತಮಿಳುನಾಡಿನ ವಾಲ್ಪಾರೈಯಲ್ಲಿ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಬೇರೆ ಹಾದಿ ಹಿಡಿದಿದೆ: ಟೀ ಕಂಪನಿಗಳೊಡನೆ ಒಪ್ಪಂದ ಮಾಡಿಕೊಂಡು ತೋಟಗಳ ನಡುವಣ ಕಾಡಿನ ಚೂರುಗಳಲ್ಲಿ ಸ್ಥಳೀಯ ಮರ ಬೆಳೆಸುವುದು.

ಕರ್ನಾಟಕದಲ್ಲಿ ಭೂಸುಧಾರಣಾ ಕಾಯ್ದೆಯ 79ಬಿ ವಿಧಿ ಟ್ರಸ್ಟು, ಕಂಪನಿ, ಸಂಘಗಳು ಕೃಷಿಭೂಮಿ ಹೊಂದುವುದನ್ನು ಬಹುಕಾಲ ತಡೆದಿತ್ತು. 2020ರ ತಿದ್ದುಪಡಿ ಅದನ್ನು ತೆಗೆಯಿತು. ಅದೇ ಬಾಗಿಲಿನಿಂದ ರೆಸಾರ್ಟುಗಳೂ ಒಳಬರುತ್ತವೆ, ಅವುಗಳ ಕೈಯಲ್ಲಿ ಹಣ ಹೆಚ್ಚು. ಇನ್ನೊಂದು ತೊಡಕೆಂದರೆ ಮಲೆನಾಡಿನ ಹಸಿರಿನ ದೊಡ್ಡ ಪಾಲು ಕೊಳ್ಳಲು ಬರುವ ಆಸ್ತಿಯೇ ಅಲ್ಲ. ಉತ್ತರ ಕನ್ನಡದ ಸೊಪ್ಪಿನ ಬೆಟ್ಟ ಅಡಿಕೆ ತೋಟಕ್ಕೆ ಅಂಟಿದ ಸವಲತ್ತು, ದಕ್ಷಿಣ ಕನ್ನಡದ ಕುಮ್ಕಿಯೂ ಹಾಗೆಯೇ. ಕೊಡಗಿನಲ್ಲಿ ಗದ್ದೆಗೆ ಹೊಂದಿಕೊಂಡ ಬಾಣೆ ಎಂಬ ಕಾಡುನೆಲದ ಮರದ ಹಕ್ಕಿನ ಜಟಿಲತೆ ಬೇರೆಯೇ.

ಮಾರದೆಯೂ ಉಳಿಸುವ ದಾರಿಯೊಂದು ನಮ್ಮ ಕಾನೂನಿನಲ್ಲಿದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿಯಂತೆ ವ್ಯಕ್ತಿ ಅಥವಾ ಸಮುದಾಯ ಸ್ವಇಚ್ಛೆಯಿಂದ ಮುಂದೆ ಬಂದರೆ ಖಾಸಗಿ ನೆಲವನ್ನು ಸಮುದಾಯ ಮೀಸಲೆಂದು ಘೋಷಿಸಬಹುದು. ಒಡೆತನ ಅವರಲ್ಲೇ ಉಳಿಯುತ್ತದೆ. ನೆಲದ ಬಳಕೆಯನ್ನು ಮಾತ್ರ ನಿರ್ವಹಣಾ ಸಮಿತಿಯ ನಿರ್ಣಯ, ಸರ್ಕಾರದ ಒಪ್ಪಿಗೆ ಇಲ್ಲದೆ ಬದಲಿಸುವಂತಿಲ್ಲ. ಮಂಡ್ಯ ಜಿಲ್ಲೆಯ ಕೊಕ್ಕರೆಬೆಳ್ಳೂರು 2007ರಲ್ಲಿ ಹೀಗೆ ಘೋಷಿತವಾಯಿತು. ಎರಡು ಕಾಡುಗಳ ನಡುವೆ ಜಮೀನಿರುವ ಮಲೆನಾಡಿನ ಕುಟುಂಬಗಳು ಅದನ್ನು ಮಾರುವ ಮಾತು ಬಂದಾಗ, ದಲ್ಲಾಳಿಯನ್ನು ಕರೆಯುವ ಮುನ್ನ, ಪಹಣಿಯ ಜತೆಗೆ ಅರಣ್ಯ ನಕ್ಷೆಯನ್ನೂ ಒಮ್ಮೆ ಹರಡಿಕೊಂಡು ನೋಡಬೇಕು.